ಪಟ್ಟಿಯಲ್ಲಿಲ್ಲದ ಐದು ಮೊಟ್ಟೆಗಳು

ಬೆಳಗಿನ ಐದೂಮುಕ್ಕಾಲು. ಹಾವಿನ ಮನೆಯ ಹಿಂಬಾಗಿಲ ಬೀಗ ಒಂದೇ ಸಲಕ್ಕೆ ತೆರೆದುಕೊಳ್ಳುವ ಪೈಕಿಯದಲ್ಲ. ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಕೀಲಿಯನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಆಮೇಲೆ ಮುಂದಕ್ಕೆ ತಿರುಗಿಸಬೇಕು. ಇಪ್ಪತ್ತಾರು ವರ್ಷಗಳಿಂದ ಆ ಬೀಗದ ಜೊತೆ ಏಗುತ್ತಿರುವ ಹೆಂಗಸು ಈಗಲೂ ಅದನ್ನು ಬಯ್ಯುತ್ತಲೇ ತೆರೆಯುತ್ತಾರೆ. "ನಮ್ಮನೆಯವರು ಬೀಗ ರಿಪೇರಿ ಮಾಡೋರು ಮೇಡಂ. ಊರಿನ ಬೀಗ ಎಲ್ಲಾ ಸರಿ ಮಾಡ್ತಾರೆ. ಹೆಂಡತಿ ಬೀಗ ಮಾತ್ರ ನಾಳೆ, ನಾಳೆ."

ಒಳಗೆ ಹದಿನಾಲ್ಕು ಗಾಜಿನ ಗೂಡುಗಳು. ಎಲ್ಲವೂ ಖಾಲಿ. ನಾಗರಹಾವಿನ ಗೂಡಿನಲ್ಲಿ ಒಂದು ಒಣಗಿದ ಕೊಂಬೆ ಬಿದ್ದಿದೆ. ಹೆಬ್ಬಾವಿನ ಗೂಡಿನ ನೀರಿನ ತೊಟ್ಟಿಯಲ್ಲಿ ಧೂಳು ಕೂತಿದೆ. ಅವರು ಯಾವ ಕಡೆಗೂ ನೋಡದೆ ನೇರವಾಗಿ ಮೂಲೆಯ ಕೊನೆಯ ಗೂಡಿಗೆ ಹೋಗಿ, ಚಪ್ಪಲಿ ಬಿಟ್ಟು, ಮಂಡಿಯೂರಿ ಕೂರುತ್ತಾರೆ. ಅಲ್ಲಿ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯ ಮೇಲೆ ಒಂದು ಸಣ್ಣ ಬಲ್ಬು, ಪಕ್ಕದಲ್ಲಿ ಉಷ್ಣತೆ ತೋರಿಸುವ ಮಾಪಕ. ಡಬ್ಬಿಯೊಳಗೆ ತೇವದ ತೆಂಗಿನ ನಾರಿನ ಪುಡಿಯ ಮೇಲೆ ಐದು ಬಿಳಿ ಮೊಟ್ಟೆಗಳು. ಒಂದೊಂದೂ ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಒಂದೊಂದರ ನೆತ್ತಿಯ ಮೇಲೂ ಪೆನ್ಸಿಲಿನ ಚುಕ್ಕಿ.

"ಚುಕ್ಕಿ ಯಾವಾಗಲೂ ಮೇಲೇ ಇರಬೇಕು. ಕೋಳಿ ಮೊಟ್ಟೆ ಥರ ಇದನ್ನ ಹೊರಳಿಸಿದ್ರೆ ಒಳಗಿರೋದು ಉಸಿರು ಕಟ್ಟಿ ಸತ್ತೇಹೋಗುತ್ತೆ" ಎನ್ನುತ್ತಾ ಟಾರ್ಚು ಹಚ್ಚುತ್ತಾರೆ. ಟಾರ್ಚಿನ ಬಾಯಿಗೆ ಕಪ್ಪು ಬಟ್ಟೆ ಸುತ್ತಿ ಒಂದು ಸಣ್ಣ ತೂತು ಬಿಟ್ಟಿದ್ದಾರೆ. ಆ ತೂತಿನ ಬೆಳಕನ್ನು ಮೊಟ್ಟೆಯ ಪಕ್ಕಕ್ಕೆ ಹಿಡಿದಾಗ ಸಿಪ್ಪೆ ಕಿತ್ತಳೆ ಬಣ್ಣಕ್ಕೆ ತಿರುಗಿ, ಒಳಗೆ ಎಳೆಎಳೆಯಾಗಿ ಕೆಂಪು ನರಗಳು ಕಾಣುತ್ತವೆ. ಅದರ ನಡುವೆ ಮಸಿ ಬಣ್ಣದ ಒಂದು ಗಂಟು. ಗಂಟು ಸ್ವಲ್ಪ ಮಿಸುಕಿದಂತಾಗುತ್ತದೆ. ಅವರ ಮುಖದಲ್ಲಿ ನಗುವೂ ಇಲ್ಲ, ಸಮಾಧಾನವೂ ಇಲ್ಲ. ಡಬ್ಬಿಯ ಮುಚ್ಚಳ ಹಾಕಿ, ಗೋಡೆಗೆ ಅಂಟಿಸಿದ ಕಾಗದದ ಮೇಲೆ ಒಂದು ಗೆರೆ ಎಳೆಯುತ್ತಾರೆ. ಅದು ಮೂವತ್ತೆಂಟನೆಯ ಗೆರೆ.

ಇವರನ್ನು ಈ ಪ್ರಾಣಿ ಸಂಗ್ರಹಾಲಯದಲ್ಲಿ ಎಲ್ಲರೂ ಕರೆಯುವುದು ಮೊಟ್ಟೆಯಕ್ಕ ಎಂದು. ವಯಸ್ಸು ಐವತ್ತೆರಡು. ಕಚೇರಿಯ ಕಾಗದಗಳಲ್ಲಿ ಇವರು ಗುಡಿಸುವ ಕೆಲಸದವರು. ಸೇರಿದ್ದು ಹಕ್ಕಿಗಳ ವಿಭಾಗಕ್ಕೆ. ಆರು ತಿಂಗಳಲ್ಲಿ ಹಾವಿನ ಮನೆಗೆ ವರ್ಗವಾಯಿತು, ಯಾಕೆಂದರೆ ಆ ಕೆಲಸಕ್ಕೆ ಹೋದವರೆಲ್ಲ ವಾರದೊಳಗೆ ಜ್ವರ ಎಂದು ಮಲಗುತ್ತಿದ್ದರು. "ನಾನೂ ಮಲಗ್ತಿದ್ದೆ. ಆದ್ರೆ ಮೂರನೇ ದಿನ ಕುಕ್ರಿ ಊಟ ಮಾಡೋದನ್ನ ನೋಡಿಬಿಟ್ಟೆ. ಅವತ್ತಿಂದ ಜ್ವರ ಬಂದ್ರೂ ಬಂದಿದ್ದೀನಿ."

ಕುಕ್ರಿ ಹಾವಿನ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಾಗುವಂಥ ರೂಪವೂ ಅದಕ್ಕಿಲ್ಲ. ಮೊಳಕ್ಕಿಂತ ಸ್ವಲ್ಪ ಉದ್ದ, ಕಂದು ಮೈ, ಮೈಗೆ ಅಡ್ಡಲಾಗಿ ಕಪ್ಪು ಪಟ್ಟೆ, ತಲೆಯ ಮೇಲೆ ಬಾಣದಂಥ ಗುರುತು. ಇದರ ಜಾತಿಯಲ್ಲಿ ಎಂಬತ್ತಕ್ಕೂ ಹೆಚ್ಚು ಬಗೆಗಳಿವೆ, ಅಷ್ಟೂ ಏಷ್ಯಾ ಖಂಡದವೇ. ಕುಕ್ರಿ ಎಂದರೆ ಒಳಬಾಗಿದ ಅಲಗಿನ ಒಂದು ಕತ್ತಿ. ಈ ಹಾವಿನ ಬಾಯಿಯ ಹಿಂದುಗಡೆ ಮೇಲ್ದವಡೆಯಲ್ಲಿ ಅಂಥದೇ ಆಕಾರದ ಎರಡು ಹಲ್ಲುಗಳಿವೆ. ಅದಕ್ಕೆ ಬಹಳ ಇಷ್ಟವಾದ ಆಹಾರ ಮೊಟ್ಟೆ. ಅದರಲ್ಲೂ ಹಲ್ಲಿ, ಓತಿಕ್ಯಾತ, ಬೇರೆ ಹಾವುಗಳ ಮೊಟ್ಟೆ. ಚಿಕ್ಕದಾದರೆ ಇಡಿಯಾಗಿ ನುಂಗುತ್ತದೆ. ದೊಡ್ಡದಾದರೆ ಮೊಟ್ಟೆಗೆ ಬಾಯಿ ಒತ್ತಿ ಹಿಂದಿನ ಹಲ್ಲಿನಿಂದ ಸಿಪ್ಪೆಯನ್ನು ಸೀಳಿ, ಸೀಳಿನಲ್ಲಿ ತಲೆ ತೂರಿಸಿ ಒಳಗಿದ್ದುದನ್ನು ಹೀರುತ್ತದೆ. ಮನುಷ್ಯರ ಪ್ರಾಣಕ್ಕೆ ಇದರಿಂದ ಅಪಾಯವಿಲ್ಲ. ಆದರೆ ಕಚ್ಚಿದರೆ ಗಾಯ ಸೀಳಿಕೊಂಡು ರಕ್ತ ಬೇಗ ನಿಲ್ಲುವುದಿಲ್ಲ. ಮೊಟ್ಟೆಯಕ್ಕನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಅದರ ಗುರುತಿದೆ. ಎರಡು ಟವೆಲ್ ನೆನೆದು ಹೋದವಂತೆ. "ತಪ್ಪು ನಂದೇ. ಹಲ್ಲಿ ಮೊಟ್ಟೆ ಹಿಡಿದ ಕೈಯನ್ನ ತೊಳೀದೆ ಒಳಗೆ ಹಾಕಿದ್ದೆ. ಅದಕ್ಕೆ ನಾನೇ ಮೊಟ್ಟೆ ಅನ್ನಿಸಿರಬೇಕು."

ಹಲ್ಲಿ ಮೊಟ್ಟೆ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಅದನ್ನು ಹುಡುಕಿ ತರುವುದೇ ಇಪ್ಪತ್ತಾರು ವರ್ಷಗಳ ಕಾಲ ಇವರ ಬೆಳಗಿನ ಮೊದಲ ಕೆಲಸ. ಗಡಿಯಾರದ ಹಿಂದೆ, ಸ್ವಿಚ್ಚಿನ ಪೆಟ್ಟಿಗೆಯೊಳಗೆ, ಕಚೇರಿಯ ಕಡತಗಳ ಸಂದಿಯಲ್ಲಿ, ಕಿಟಕಿಯ ಚೌಕಟ್ಟು ಬಿರುಕು ಬಿಟ್ಟಲ್ಲಿ ಬಟಾಣಿ ಗಾತ್ರದ ಬಿಳಿ ಮೊಟ್ಟೆಗಳು ಜೋಡಿಜೋಡಿಯಾಗಿ ಇರುತ್ತವೆ. ಎರಡು ಹಾವಿಗೆ ವಾರಕ್ಕೆ ಇಪ್ಪತ್ತು ಬೇಕು. ಸಿಗದ ವಾರ ಪೇಟೆಯಿಂದ ಕೌಜುಗದ ಮೊಟ್ಟೆ ತಂದು, ಹಲ್ಲಿ ಓಡಾಡಿದ ಬಟ್ಟೆಯಲ್ಲಿ ಅದನ್ನು ಉಜ್ಜಿ ವಾಸನೆ ಹತ್ತಿಸಿ ಇಡುತ್ತಿದ್ದರು. ಬೀದಿಯ ಮನೆಗಳಲ್ಲಿ ಬಾಗಿಲು ತಟ್ಟಿ, "ಅಮ್ಮಾ, ಗಡಿಯಾರ ಸ್ವಲ್ಪ ತೆಗೆದು ನೋಡ್ತೀನಿ" ಎಂದು ಕೇಳುವ ಹೆಂಗಸನ್ನು ಮೊದಮೊದಲು ಕಳ್ಳಿ ಎಂದುಕೊಂಡವರೇ ಹೆಚ್ಚು. ಆಮೇಲೆ ಅವರೇ ಕೂಗಿ ಕರೆಯತೊಡಗಿದರು. ಒಟ್ಟು ಎಷ್ಟು ಮೊಟ್ಟೆ ತಂದಿರಬಹುದು ಎಂದು ಕೇಳಿದೆ. ವರ್ಷಕ್ಕೆ ಸಾವಿರ ಎಂದು ಬೆರಳು ಮಡಿಸಿ, ಮುಂದೆ ಎಣಿಸುವುದನ್ನು ನಿಲ್ಲಿಸಿಬಿಟ್ಟರು. "ಬೇಡ ಮೇಡಂ. ಪೇಪರಲ್ಲಿ ಬಂದ್ರೆ ಹಲ್ಲಿಗಳೆಲ್ಲಾ ಸೇರಿ ನನ್ನ ಮೇಲೆ ಕೇಸು ಹಾಕ್ತಾವೆ."

ನಗಿಸುವುದು ಅವರಿಗೆ ಸಲೀಸು. ಆದರೆ ಆ ಡಬ್ಬಿಯ ಮಾತು ಬಂದಾಗ ಮಾತ್ರ ದನಿ ಇಳಿಯುತ್ತದೆ.

"ಹಾವು ಮೊಟ್ಟೆ ಸೀಳೋದನ್ನ ಲೆಕ್ಕ ಇಲ್ಲದಷ್ಟು ಸಲ ನೋಡಿದ್ದೀನಿ. ಎಲ್ಲಾ ಹೊರಗಿನಿಂದ. ಒಂದು ಮೊಟ್ಟೆ ಒಳಗಿನಿಂದ ಸೀಳೋದನ್ನ ಈ ಕಣ್ಣಲ್ಲಿ ನೋಡಬೇಕು. ಅಷ್ಟೇ."

ಹನ್ನೊಂದು ವರ್ಷಗಳ ಹಿಂದೆ ಆ ಗಳಿಗೆ ಹತ್ತಿರ ಬಂದಿತ್ತು. ಆಗ ಇದ್ದ ಮುದಿ ಹೆಣ್ಣು ಕುಕ್ರಿ ನಾಲ್ಕು ಮೊಟ್ಟೆ ಇಟ್ಟಿತ್ತು. ಮೊಟ್ಟೆಯಕ್ಕ ಇದೇ ಥರ ಡಬ್ಬಿ, ಬಲ್ಬು ಹೊಂದಿಸಿ ಐವತ್ತು ದಿನ ಕಾದರು. ಐವತ್ತೊಂದನೆಯ ದಿನ ಅವರ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂತು. ಹೊರಡುವಾಗ ಗೇಟಿನ ಕಾವಲುಗಾರರ ಕೈಗೆ ಹೆಚ್ಚುವರಿ ಬಲ್ಬು ಕೊಟ್ಟು, "ಅಣ್ಣ, ದಿನಕ್ಕೆ ಎರಡು ಸಲ ನೋಡು" ಎಂದು ಹೇಳಿ ಹೋದರು. ಮೂರು ದಿನ ಬಿಟ್ಟು ಬಂದಾಗ ಬಲ್ಬು ಸುಟ್ಟುಹೋಗಿತ್ತು. ಚಳಿಯ ದಿನಗಳು. ಮೊಟ್ಟೆಗಳು ಗುಳಿಬಿದ್ದು ಹಳದಿ ತಿರುಗಿದ್ದವು. ಒಳಗಿದ್ದ ಮರಿಗಳು ಪೂರ್ತಿ ಬೆಳೆದಿದ್ದವು, ತಲೆಯ ಮೇಲಿನ ಬಾಣವೂ ಮೂಡಿತ್ತು.

"ಅವ್ವನ ಹತ್ತಿರ ಇದ್ದೆ. ಅವಳ ಕೊನೆ ಉಸಿರಿನ ತನಕ ಕೈ ಹಿಡ್ಕೊಂಡಿದ್ದೆ. ಅದಕ್ಕೆ ನನಗೆ ಬೇಜಾರಿಲ್ಲ. ಆದ್ರೆ ಎರಡು ಕಡೆನೂ ಒಬ್ಬಳೇ ಇರೋಕೆ ಆಗಲ್ವಲ್ಲ" ಎಂದು ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾರೆ. "ನನ್ನ ಮಗಳು ಹುಟ್ಟಿದ್ದನ್ನೂ ನಾನು ನೋಡಲಿಲ್ಲ ಮೇಡಂ. ಆಪರೇಷನ್. ಎಚ್ಚರ ಆದಾಗ ಬಟ್ಟೆ ಸುತ್ತಿ ಪಕ್ಕದಲ್ಲಿ ಮಲಗಿಸಿದ್ರು. ಯಾರೋ ಮನೆಗೆ ಬಂದು ಕೂತಿದ್ದಾರೆ ಅನ್ನೋ ಹಾಗಿತ್ತು. ಬಂದಿದ್ದು ಮಾತ್ರ ಗೊತ್ತಾಗಲಿಲ್ಲ."

ಗೇಟಿನಣ್ಣನ ಜೊತೆ ನಾಲ್ಕು ವರ್ಷ ಮಾತು ಬಿಟ್ಟಿದ್ದರು. ದಿನವೂ ಅದೇ ಗೇಟು, ಅದೇ ಮುಖ. ಅವರು ನಮಸ್ಕಾರ ಹೇಳಿದರೆ ಇವರು ಗಿಡ ನೋಡುತ್ತಾ ಒಳಗೆ ಹೋಗುವುದು. ಮಾತು ಮತ್ತೆ ಶುರುವಾದದ್ದು ಅವರ ಹೆಂಡತಿ ತೀರಿಕೊಂಡ ದಿನ. "ಅವತ್ತು ಹೋಗಿ ಅಣ್ಣಾ ಅಂದೆ. ಅವನು ಮೊದಲು ಹೇಳಿದ್ದೇ ಬಲ್ಬಿನ ಮಾತು. ಎರಡನೇ ದಿನ ಸಂಜೆ ನೋಡೋಕೆ ಮರೆತೆ ತಾಯೀ ಅಂದ. ಹೆಂಡತಿ ಹೆಣ ಮುಂದಿಟ್ಕೊಂಡು ಅದನ್ನ ಹೇಳ್ತಿದ್ದಾನೆ. ಇನ್ನೇನು ಮುನಿಸು ಇಟ್ಕೊಳ್ಳೋದು?"

ಆ ಬಳಿಕ ಬಂದದ್ದು ಕೆಂಚಿ. ಮನೆ ಕಟ್ಟುವ ಜಾಗದ ಇಟ್ಟಿಗೆ ರಾಶಿಯಡಿ ಸಿಕ್ಕಿದ, ಬಾಲದ ತುದಿ ತುಂಡಾದ ಹೆಣ್ಣು ಕುಕ್ರಿ. ಬಣ್ಣ ನೋಡಿ ಇವರೇ ಇಟ್ಟ ಹೆಸರು. ಗಂಡು ಜೊತೆಯಿಲ್ಲದೆ ಎರಡು ಸಲ ಇಟ್ಟ ಮೊಟ್ಟೆಗಳು ಜೊಳ್ಳಾದವು. ಗಂಡು ಬಂದ ಮೇಲೆ ಇಟ್ಟ ಮೊಟ್ಟೆಗಳನ್ನು ಬೆಳಗಾಗುವುದರೊಳಗೆ ಆ ಗಂಡೇ ತಿಂದು ಮುಗಿಸಿತ್ತು. "ಅದಕ್ಕೇನು ಗೊತ್ತು ತನ್ನದು ಅಂತ. ಮೊಟ್ಟೆ ಅಂದ್ರೆ ಊಟ" ಎಂದು ಮೊಟ್ಟೆಯಕ್ಕ ಅದರ ಪರವಾಗಿಯೇ ಮಾತಾಡುತ್ತಾರೆ. ಮರುವರ್ಷ ಎರಡೂ ಕೂಡಿದ ಮೇಲೆ ಗೂಡಿನ ನಡುವೆ ತಡಿಕೆ ಬಂತು.

ಅಷ್ಟರಲ್ಲಿ ಹಾವಿನ ಮನೆಯನ್ನೇ ಮುಚ್ಚುವ ಆದೇಶ ಬಂತು. ಕಟ್ಟಡ ಹಳೆಯದು, ನೋಡುವವರು ಕಡಿಮೆ. ಅಲ್ಲಿ ಕಾಫಿ, ತಿಂಡಿಯ ಅಂಗಡಿ ಮಾಡುವುದೆಂದು ತೀರ್ಮಾನವಾಯಿತು. ಮೂವತ್ತೊಂದು ಹಾವುಗಳನ್ನು ಒಂಬತ್ತು ಗಂಟೆಯ ದಾರಿಯಷ್ಟು ದೂರದ ಇನ್ನೊಂದು ಊರಿನ ದೊಡ್ಡ ಸಂಗ್ರಹಾಲಯಕ್ಕೆ ಕಳಿಸಬೇಕು. ಮೊಟ್ಟೆಯಕ್ಕನನ್ನು ಕಟ್ಟಡ ಒಡೆದ ಮೇಲಿಂದ ಪ್ರವೇಶದ್ವಾರಕ್ಕೆ, ಟಿಕೆಟ್ ಹರಿದು ಕೊಡುವ ಕೆಲಸಕ್ಕೆ ಹಾಕಿದರು.

ಲಾರಿ ಬಂದ ದಿನ ಕೆಂಚಿಯನ್ನು ಬಟ್ಟೆ ಚೀಲಕ್ಕೆ ಇಳಿಸಿದವರು ಇವರೇ. ಕೈಗೆ ತೂಕ ಹಗುರವಾಗಿ ಸಿಕ್ಕಿತು. ಎರಡು ದಿನದ ಹಿಂದೆ ಬಿಗಿಯಾಗಿದ್ದ ಹೊಟ್ಟೆ ಜೋತುಬಿದ್ದಿತ್ತು. ಲಾರಿಯ ಜೊತೆ ಬಂದವರು ಪಟ್ಟಿ ಹಿಡಿದು, "ಇನ್ನೇನಾದ್ರೂ ಬಾಕಿ ಇದೆಯಾ?" ಎಂದು ಕೂಗಿದರು. ಮೊಟ್ಟೆಯಕ್ಕ ಚೀಲದ ಬಾಯಿಯನ್ನು ಕಟ್ಟಿ, "ಹಾವು ಎಲ್ಲಾ ಆಯ್ತು" ಎಂದರು.

"ಸುಳ್ಳು ಹೇಳಲಿಲ್ಲ ಮೇಡಂ. ಹಾವು ಎಲ್ಲಾ ಆಗಿತ್ತು. ಮೊಟ್ಟೆ ಇದೆ ಅಂದಿದ್ರೆ ಅವನ್ನೂ ಲಾರಿಗೆ ಹಾಕ್ತಿದ್ರು. ಒಂಬತ್ತು ಗಂಟೆ ಕುಲುಕಿ ಕುಲುಕಿ ಒಂದೂ ಉಳೀತಿರಲಿಲ್ಲ." ಲಾರಿ ಗೇಟು ದಾಟಿದ ಮೇಲೆ ಗೂಡಿನ ಮರದ ತೊಗಟೆಯನ್ನು ಎತ್ತಿ ನೋಡಿದರು. ಐದು ಮೊಟ್ಟೆ. ಲಾರಿಯ ಸದ್ದು ಇನ್ನೂ ಕೇಳುತ್ತಿತ್ತು. "ಕೆಂಚಿ ಹೋಗ್ತಿದೆ, ಇವು ಇಲ್ಲಿವೆ. ಹಾವಿಗೆ ಅದೆಲ್ಲಾ ಇರಲ್ಲ ಅಂತ ಇಲ್ಲಿನ ಪ್ರಾಣಿ ಡಾಕ್ಟರು ಹೇಳ್ತಾರೆ. ಇಟ್ಟು ಹೊರಟುಹೋಗೋ ಜಾತಿ. ಇರಲಿ. ನನಗೆ ಇರುತ್ತಲ್ಲ."

ಮಾರನೆಯ ದಿನ ಮೇಲಧಿಕಾರಿಗಳಿಗೆ ಎಲ್ಲವನ್ನೂ ಹೇಳಿಬಿಟ್ಟರು. ಅವರು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿ ಕನ್ನಡಕ ತೆಗೆದರಂತೆ. "ಪಟ್ಟಿಯಲ್ಲಿ ಇಲ್ಲದ್ದನ್ನ ಉಳಿಸು ಅಂತ ನಾನು ಹೇಳೋಕಾಗಲ್ಲಮ್ಮ. ಬಿಸಾಕು ಅಂತಲೂ ಹೇಳಲ್ಲ. ಗೋಡೆ ಒಡೆಯೋರು ಬರೋ ತನಕ ನಿನ್ನ ಕೆಲಸ ನೀನು ಮಾಡು. ಆದ್ರೆ ಗೇಟಿನಿಂದ ಹೊರಗೆ ಮಾತ್ರ ಒಯ್ಯಬೇಡ."

ಗೋಡೆ ಒಡೆಯುವವರು ಅರವತ್ತು ದಿನ ಬಿಟ್ಟು ಬರಬೇಕಿತ್ತು. ಬಂದದ್ದು ನಲವತ್ತೊಂಬತ್ತನೆಯ ದಿನ.

ಅಂದು ನಾನೂ ಅಲ್ಲಿದ್ದೆ. ಎಂಟು ಗಂಟೆಗೆ ಆರು ಜನ ಸುತ್ತಿಗೆ, ಹಾರೆ ಹಿಡಿದು ನಿಂತಿದ್ದಾರೆ. ಮೇಸ್ತ್ರಿ ಒಳ್ಳೆಯ ಮನುಷ್ಯ, ಆದರೆ ಅವನಿಗೂ ದಿನಗಳ ಗಡುವು. "ಅಕ್ಕಾ, ಮೊಟ್ಟೆಗೋಸ್ಕರ ಕೆಲಸ ನಿಲ್ಲಿಸಿದ್ದೀನಿ ಅಂತ ನಮ್ಮ ಮಾಲೀಕರಿಗೆ ಹೇಳಿದ್ರೆ ಆಮ್ಲೆಟ್ ಮಾಡ್ಕೊಂಡು ತಿನ್ನು ಅಂತಾರೆ" ಎಂದು ನಗುತ್ತಲೇ ಅಂಗಲಾಚುತ್ತಾನೆ. ಗೋಡೆಗೆ ಮೊದಲ ಏಟು ಬಿದ್ದರೆ ಡಬ್ಬಿಯ ಕೆಳಗಿನ ಕಟ್ಟೆಯೇ ಅದುರುತ್ತದೆ. ಮನೆಗೆ ಒಯ್ಯುವಂತಿಲ್ಲ. ಕಚೇರಿಯಲ್ಲಿ ಜಾಗವಿಲ್ಲ ಎಂದರು. ಡಾಕ್ಟರ ಕೋಣೆಯಲ್ಲಿ ಗಾಯಗೊಂಡ ಎರಡು ಕೋತಿಗಳಿವೆ, ಡಬ್ಬಿ ಅವಕ್ಕೆ ಅರ್ಧ ಗಂಟೆಯ ಆಟ. ಉಳಿದದ್ದು ಒಂದೇ ಜಾಗ. ಗೇಟಿನ ಪಕ್ಕದ ಕಾವಲು ಕೋಣೆ.

ಗೇಟಿನಣ್ಣ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಅರವತ್ತು ದಾಟಿದ ಮನುಷ್ಯ, ಟೋಪಿ ಕೈಯಲ್ಲಿದೆ. "ನನ್ನ ಕೋಣೇಲಿ ಪ್ಲಗ್ಗು ಇದೆ. ಕರೆಂಟು ಹೋದ್ರೆ ಬ್ಯಾಟರಿ ತಂದಿದ್ದೀನಿ" ಎಂದವರು ಟೋಪಿಯನ್ನು ಮಡಚಿ ಹಿಡಿದು, "ನಿನಗೆ ಬೇಡ ಅನ್ನಿಸಿದ್ರೆ ಬೇಡ" ಎನ್ನುತ್ತಾರೆ.

ಮೊಟ್ಟೆಯಕ್ಕ ಅವರ ಮುಖವನ್ನು ನೋಡುವುದಿಲ್ಲ. ಡಬ್ಬಿಯನ್ನು ನೋಡುತ್ತಾರೆ. ಮೇಸ್ತ್ರಿ ಬೀಡಿ ಹಚ್ಚಲು ಹೊರಟವನು ಜೇಬಿಗೆ ಹಾಕಿಕೊಳ್ಳುತ್ತಾನೆ. ಕೊನೆಗೆ ಮೊಟ್ಟೆಯಕ್ಕ, "ಬಾಗಿಲು ಪೂರ್ತಿ ತೆಗೆದಿಡು ಅಣ್ಣ" ಎನ್ನುತ್ತಾರೆ.

ಹಾವಿನ ಮನೆಯಿಂದ ಗೇಟಿಗೆ ಇನ್ನೂರ ಹನ್ನೆರಡು ಹೆಜ್ಜೆ. ಅವರು ಡಬ್ಬಿಯನ್ನು ಎರಡು ಅಂಗೈಗಳ ಮೇಲೆ ಇಟ್ಟುಕೊಂಡು, ಚಪ್ಪಲಿಯಿಲ್ಲದ ಪಾದದಿಂದ ನೆಲವನ್ನು ತಡವಿ ತಡವಿ ನಡೆಯುತ್ತಾರೆ. ಗೇಟಿನಣ್ಣ ಮುಂದೆ ಮುಂದೆ ನಡೆಯುತ್ತಾ ಕಾಲಿನಿಂದ ಕಲ್ಲು, ಕಡ್ಡಿ ಸರಿಸುತ್ತಾರೆ. ಆರು ಜನ ಕೆಲಸಗಾರರು ಸುತ್ತಿಗೆ ಕೆಳಗಿಟ್ಟು, ದಾರಿಯ ಬದಿಯಲ್ಲಿ ನಿಂತು ನೋಡುತ್ತಾರೆ. ಕೋಣೆಯ ಮೇಜಿನ ಮೇಲೆ ಡಬ್ಬಿ ಇಟ್ಟ ಮೇಲೆ ಮೊಟ್ಟೆಯಕ್ಕ ಮೊದಲು ನೋಡಿದ್ದು ಐದು ಚುಕ್ಕಿಗಳನ್ನು. ಐದೂ ಮೇಲೇ ಇವೆ. ಗೇಟಿನಣ್ಣ ನೀರಿನ ಚೊಂಬು ಕೊಟ್ಟರೆ ಅದನ್ನು ಪಕ್ಕಕ್ಕಿಟ್ಟು ಮೊದಲು ಬಲ್ಬಿನ ಪ್ಲಗ್ಗು ಹಾಕುತ್ತಾರೆ.

ಆ ವಾರ ಅವರ ಮನೆಗೂ ಹೋಗಿದ್ದೆ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಒಂದು ಗೋಡೆಯ ತುಂಬ ಗಂಡ ತೂಗುಹಾಕಿದ ಹಳೆಯ ಬೀಗಗಳು. ಮೊಟ್ಟೆಯಕ್ಕ ಊಟಕ್ಕೆ ಕೂತರೂ ಫೋನು ತಟ್ಟೆಯ ಪಕ್ಕದಲ್ಲಿ. "ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೀನಿ" ಎಂದು ಗಂಡ ನನ್ನ ಹತ್ತಿರ ದೂರುತ್ತಾರೆ, "ನನಗೆ ಜ್ವರ ಬಂದ್ರೆ ಹಣೆ ಮುಟ್ಟಿ ನೋಡಿ, ಮೂವತ್ತು ಡಿಗ್ರಿ ಇರಬಹುದು, ಸ್ವಲ್ಪ ತಣ್ಣಗಾಗಲಿ ಅಂತಾಳೆ. ಹಾವಿನ ಮೊಟ್ಟೆಗೆ ಮಾಪಕ, ಗಂಡನಿಗೆ ಅಂದಾಜು." ನಕ್ಕ ಮೇಲೆ ಹೆಂಡತಿ ಒಳಗೆ ಹೋದುದನ್ನು ಖಾತ್ರಿ ಮಾಡಿಕೊಂಡು ಮೆಲ್ಲಗೆ ಹೇಳುತ್ತಾರೆ: "ಆ ವರ್ಷ ನಾಲ್ಕು ಸತ್ತಾಗ ಅವ್ವನಿಗೆ ಅತ್ತಳೋ, ಅವಕ್ಕೆ ಅತ್ತಳೋ ನನಗೆ ಗೊತ್ತಾಗಲಿಲ್ಲ. ಈ ಸಲ ಆಗಿಬಿಡಲಿ."

ಐವತ್ತೇಳನೆಯ ದಿನ. ಬೆಳಗಿನ ಐದು ಗಂಟೆ ಹತ್ತು ನಿಮಿಷಕ್ಕೆ ಗೇಟಿನಣ್ಣನ ಫೋನು. "ಬೇಗ ಬಾ. ಒಂದು ಗುಳಿಬಿದ್ದಿದೆ. ಬಲ್ಬು ಉರೀತಿದೆ ತಾಯೀ, ನಾನು ಮಲಗಿಲ್ಲ, ಆಣೆಗೂ ಮಲಗಿಲ್ಲ." ಮೊಟ್ಟೆಯಕ್ಕ ಬೀದಿಯಲ್ಲಿ ಓಡುತ್ತಲೇ ನನಗೆ ಫೋನು ಮಾಡುತ್ತಾರೆ. ಗುಳಿ ಬಿದ್ದಿದೆ ಎಂದರೆ ಎರಡು ಅರ್ಥ. ಒಳಗಿನದು ಸತ್ತಿರಬಹುದು. ಅಥವಾ ಹೊರಗೆ ಬರಲು ತಯಾರಾಗಿರಬಹುದು. ಯಾವುದು ಎಂದು ತಿಳಿಯಲು ಅವರು ಎರಡನೆಯದನ್ನು ಒಮ್ಮೆಯೂ ನೋಡಿಲ್ಲ.

ನಾನು ತಲುಪಿದಾಗ ಆರು ಗಂಟೆ. ಕಾವಲು ಕೋಣೆಯಲ್ಲಿ ಇಬ್ಬರೂ ಮೇಜಿನ ಎರಡು ಬದಿಗೆ ಕೂತಿದ್ದಾರೆ. ನಾಲ್ಕು ಮೊಟ್ಟೆಗಳ ಮೇಲೆ ಬೆವರಿನಂಥ ಹನಿಗಳು. ಐದನೆಯದು ಬಣ್ಣ ಕಳೆದುಕೊಂಡು ಒಂದು ಬದಿಗೆ ಕುಸಿದಿದೆ. ಮೊಟ್ಟೆಯಕ್ಕ ಅದನ್ನು ಮೊದಲೇ ನೋಡಿದ್ದಾರೆ, ಟಾರ್ಚು ಹಿಡಿದೂ ನೋಡಿದ್ದಾರೆ. "ಅದು ಹೋಯ್ತು" ಎಂದಷ್ಟೇ ಹೇಳಿ ಉಳಿದವುಗಳಿಂದ ಕಣ್ಣು ತೆಗೆಯುವುದಿಲ್ಲ.

ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಬಾಗಿಲ ಹತ್ತಿರದ ಮೊಟ್ಟೆಯ ಸಿಪ್ಪೆಯ ಮೇಲೆ ಬ್ಲೇಡಿನಿಂದ ಗೀರಿದಂಥ ಒಂದು ಗೆರೆ ಕಾಣಿಸುತ್ತದೆ. ಯಾರೂ ಏನೂ ಮುಟ್ಟಿಲ್ಲ. ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ. ಗೆರೆ ತೆರೆದು ಅಲ್ಲೊಂದು ನೀರ ಗುಳ್ಳೆ ಉಬ್ಬುತ್ತದೆ, ಒಡೆಯುತ್ತದೆ. ಸೀಳಿನಲ್ಲಿ ಎಳ್ಳುಕಾಳಿನಷ್ಟು ಏನೋ ಹೊಳೆಯುತ್ತದೆ.

"ಮೂಗು" ಎನ್ನುತ್ತಾರೆ ಮೊಟ್ಟೆಯಕ್ಕ. "ಅಣ್ಣಾ, ಮೂಗು ಬಂತು."

ಆಮೇಲೆ ಹತ್ತು ನಿಮಿಷ ಏನೂ ಆಗುವುದಿಲ್ಲ. ಮರಿ ದಣಿವಾರಿಸಿಕೊಳ್ಳುತ್ತಿದೆ. ಆಮೇಲೆ ಒಮ್ಮೆಗೇ ಪುಟ್ಟ ತಲೆ ಪೂರ್ತಿ ಹೊರಬರುತ್ತದೆ. ನೆತ್ತಿಯ ಮೇಲೆ ಒದ್ದೆಯಾದ ಬಾಣ. ನೂಲಿನಷ್ಟು ಸಪೂರದ ನಾಲಗೆ ಒಂದು ಸಲ ಹೊರಬಂದು ಕೋಣೆಯ ಗಾಳಿಯನ್ನು ಮುಟ್ಟಿ ಒಳಗೆ ಹೋಗುತ್ತದೆ. ಗೇಟಿನಣ್ಣ ಎದ್ದು ಹೊರಗೆ ಹೋಗಿ, ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಮೊಟ್ಟೆಯಕ್ಕ ಅಳುವುದಿಲ್ಲ. ಬಾಯಿಯ ಮೇಲೆ ಕೈ ಇಟ್ಟುಕೊಂಡು, ಕಣ್ಣು ಮಿಟುಕಿಸಲೂ ಮನಸ್ಸಿಲ್ಲದವರಂತೆ ಕೂತಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಮೂರು ತಲೆಗಳು ಹೊರಬಂದಿವೆ, ನಾಲ್ಕನೆಯದರಲ್ಲಿ ಸೀಳು ಬಿದ್ದಿದೆ. ಹತ್ತಿರ ಹೋದರೆ ಒಳಗೆ ಎಳೆದುಕೊಳ್ಳುತ್ತವೆ, ದೂರ ಸರಿದರೆ ಮತ್ತೆ ಇಣುಕುತ್ತವೆ. ಪೂರ್ತಿ ಹೊರಬರಲು ಮರುದಿನವಾಯಿತು. ಅಷ್ಟು ಹೊತ್ತೂ ಮೊಟ್ಟೆಯಕ್ಕ ಆ ಕುರ್ಚಿ ಬಿಟ್ಟು ಎದ್ದದ್ದು ನಾಲ್ಕೇ ಸಲ. ಎದ್ದಾಗಲೆಲ್ಲ ಕುರ್ಚಿಯಲ್ಲಿ ಗೇಟಿನಣ್ಣ.

ಮರಿಗಳು ಮೊದಲ ಪೊರೆ ಕಳಚಿದ ಮೇಲೆ, ಸಂಗ್ರಹಾಲಯದ ಹಿಂದಿನ ಕುರುಚಲು ಗುಡ್ಡದಲ್ಲಿ ಬಿಟ್ಟುಬಿಡೋಣ ಎಂದು ಡಾಕ್ಟರು ಹೇಳಿದರು. ಅಲ್ಲಿ ಕಲ್ಲು, ತರಗೆಲೆ, ಓತಿಕ್ಯಾತ ಎಲ್ಲವೂ ಇವೆ. ಇನ್ನೊಂದು ಊರಿಗೆ ಕಳಿಸಿದರೆ ಪಟ್ಟಿ, ಪರವಾನಗಿ ಎಂದು ಆರು ತಿಂಗಳು. ಮೊಟ್ಟೆಯಕ್ಕ ಎದುರಾಡಲಿಲ್ಲ. ಡಬ್ಬಿ ಓರೆ ಮಾಡಿದಾಗ ಮೊದಲನೆಯದು ಅವರ ಅಂಗೈ ಮೇಲೆ ಒಂದು ಗಳಿಗೆ ನಿಂತು ನಾಲಗೆ ಚಾಚಿತು. ಆಮೇಲೆ ತರಗೆಲೆಯೊಳಗೆ ಇಳಿಯಿತು. ಉಳಿದ ಮೂರು ಅಷ್ಟೂ ನಿಲ್ಲಲಿಲ್ಲ. ನಾಲ್ಕೂ ಕಣ್ಮರೆಯಾದ ಮೇಲೆ ಎಲೆಗಳು ಮೊದಲಿದ್ದ ಹಾಗೇ ಇದ್ದವು. ಡಾಕ್ಟರು ಇಳಿದುಹೋದರು. ಇವರು ಇನ್ನೂ ಒಂದು ಗಂಟೆ ಅಲ್ಲೇ ಕೂತಿದ್ದರು.

ಈಗ ಮೊಟ್ಟೆಯಕ್ಕ ಪ್ರವೇಶದ್ವಾರದಲ್ಲಿ ಕೂರುತ್ತಾರೆ. ದಿನಕ್ಕೆ ಏಳುನೂರು, ಎಂಟುನೂರು ಟಿಕೆಟ್ ಅರ್ಧಕ್ಕೆ ಹರಿಯುತ್ತಾರೆ. ಹೊಸ ಕಾಫಿ ಅಂಗಡಿಗೆ ಬಣ್ಣ ಬಳಿಯುತ್ತಿರುವ ವಾಸನೆ ಅಲ್ಲಿಗೂ ಬರುತ್ತದೆ. ಕಳೆದ ವಾರ ಹೋಗಿದ್ದಾಗ ಜನ ಕಡಿಮೆ ಇದ್ದರು. ಕೂತು ಮಾತಾಡಿದೆವು.

"ಹನ್ನೊಂದು ವರ್ಷ ಅದೊಂದನ್ನ ನೋಡಬೇಕು ಅಂತ ಇದ್ದೆ. ನೋಡಿದೆ. ಮಾರನೇ ವಾರ ಬೆಳಿಗ್ಗೆ ಎದ್ದು ಹಾಸಿಗೆ ಮೇಲೇ ಕೂತುಬಿಟ್ಟೆ ಮೇಡಂ. ಎಲ್ಲಿಗೆ ಓಡೋದು? ಬೀದೀಲಿ ಯಾರದೋ ಮನೆ ಗಡಿಯಾರ ಕಂಡ್ರೆ ಕೈ ಈಗಲೂ ಎದ್ದು ಹೋಗುತ್ತೆ. ಯಾರಿಗೆ ತಗೊಂಡು ಹೋಗ್ತೀಯ ಅಂತ ನನಗೆ ನಾನೇ ಹೇಳ್ಕೋಬೇಕು." ಹರಿದ ಟಿಕೆಟ್ ಚೂರುಗಳನ್ನು ಒಟ್ಟು ಮಾಡುತ್ತಾ ಹೇಳಿದರು: "ಆ ಊರಲ್ಲಿ ಕೆಂಚಿಗೆ ಏನು ಹಾಕ್ತಾರೋ. ಫೋನು ಮಾಡಿ ಕೇಳಿದೆ. ಕೌಜುಗದ ಮೊಟ್ಟೆ ಅಂದ್ರು. ಬಟ್ಟೇಲಿ ಉಜ್ಜಿ ಕೊಡ್ತಾರಾ ಅಂತ ಕೇಳಿದ್ರೆ ಅವರಿಗೆ ಅರ್ಥ ಆಗಲಿಲ್ಲ. ಎರಡು ಸಲ ಬಿಡಿಸಿ ಹೇಳಿದೆ. ಬರ್ಕೊಂಡಿದ್ದೀವಿ ಅಂದ್ರು."

ಮುಂದೇನು ಆಸೆ ಎಂದು ಕೇಳಿದೆ.

"ರಜೆ ಬರೆದುಕೊಟ್ಟಿದ್ದೀನಿ, ಎರಡು ದಿನಕ್ಕೆ. ನಮ್ಮನೆಯವರೂ ಬರ್ತೀನಿ ಅಂದಿದ್ದಾರೆ. ಅಲ್ಲಿಗೆ ಹೋಗಿ ನಾನು ಇಂಥವಳು ಅಂತ ಯಾರಿಗೂ ಹೇಳಲ್ಲ. ಟಿಕೆಟ್ ತಗೊಂಡು ಎಲ್ಲರ ಜೊತೆ ಸಾಲಲ್ಲಿ ಹೋಗ್ತೀನಿ. ಇಷ್ಟು ವರ್ಷ ಗಾಜು ಒರೆಸೋಕೆ ಈ ಕಡೆ ನಿಂತಿದ್ದೀನೇ ಹೊರತು, ನೋಡೋಕೆ ಅಂತ ಒಂದು ದಿನವೂ ನಿಂತಿಲ್ಲ. ಬಂದವರ ಥರ ನಿಂತು, ಕೆಂಚೀನ ಒಂದು ಸಲ ಕಣ್ತುಂಬ ನೋಡ್ಕೊಂಡು ಬರ್ತೀನಿ."

ಹಗಲು ಹೊತ್ತಿನಲ್ಲಿ ಕುಕ್ರಿ ತೊಗಟೆಯಡಿ ಸೇರಿಕೊಂಡಿರುತ್ತದೆ ಎಂದು ಅವರೇ ನನಗೆ ಹೇಳಿದ್ದರು. ಹಾಗಾಗಿ ಕೇಳಿದೆ, ಅಷ್ಟು ದೂರ ಹೋದ ದಿನ ಅದು ಹೊರಗೆ ಬರದಿದ್ದರೆ?

ಸಾಲಿನಲ್ಲಿ ಯಾರೋ ಟಿಕೆಟ್ ಚಾಚುತ್ತಾರೆ. ಮೊಟ್ಟೆಯಕ್ಕ ಅದನ್ನು ನೆಟ್ಟಗೆ ಎರಡು ಭಾಗ ಮಾಡಿ, ಅರ್ಧ ವಾಪಸು ಕೊಟ್ಟು, ನನ್ನ ಕಡೆಗೆ ತಿರುಗುತ್ತಾರೆ.

"ಕಾಯ್ತೀನಿ. ಕಾಯೋ ಕೆಲಸ ನನಗೆ ಚೆನ್ನಾಗಿ ಬರುತ್ತೆ."